ಸೋಲ್ಭಯ ಮೀಮಾಂಸೆ: ಹಾಳೆತಟ್ಟೆ ಅಧಿಕರಣ

ಶೃಂಗೇರಿ ಸೀಮೆಯಲ್ಲಿ ಶಾಸ್ತ್ರ ನೋಡದೆ ಏನನ್ನೂ ಶುರು ಮಾಡುವಂತಿಲ್ಲ. ಆದ್ದರಿಂದ ಅಡಿಕೆ ಹಾಳೆಯ ತಟ್ಟೆ ಒತ್ತುವ ಸಣ್ಣ ಘಟಕವನ್ನೂ ಮೀಮಾಂಸಕರ ಕ್ರಮದಲ್ಲೇ, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಲ್ಲಿ ವಿಚಾರಿಸಲಾಗುವುದು.

ವಿಷಯ: ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಸಂಶಯ: ಅವನ್ನು ತಟ್ಟೆ ಮಾಡಿ ಮಾರಲು ಹೊರಟವನು ಉದ್ಧಾರವಾಗುವನೋ, ಮುಳುಗುವನೋ?

ಪೂರ್ವಪಕ್ಷ ಮಂಡಿಸುವವರು ಸೋದರಮಾವ. ಸ್ಥಳ, ಕೊಪ್ಪದ ಕಡೆಯ ಯಾವುದಾದರೂ ಮದುವೆ ಪಂಕ್ತಿ. ಕಾಲ, ಸಾರು ಬರುವ ಮೊದಲು. "ತಟ್ಟೆ ಒತ್ತಕ್ಕೆ ಹೊರಟಿದೀಯಂತೆ? ಅದೆಲ್ಲ ನಮ್ಮಂಥವರಿಗಲ್ಲ ಮಾರಾಯ. ಮಿಷನ್ ತುಕ್ಕು ಹಿಡಿದ್ರೆ ಗುಜರಿಯವನೂ ಮೂಸಲ್ಲ." ಈ ವಾಕ್ಯ ವೇದಸಮಾನ. ಮೊದಲು ಹೇಳಿದವರು ಯಾರೆಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಅಪೌರುಷೇಯ.

ಸಿದ್ಧಾಂತಿಯ ಉತ್ತರ: ಇದೇ ಮಾವ ಮಳೆಗಾಲ ಬಂತೆಂದರೆ ಬೋರ್ಡೊ ದ್ರಾವಣ ಹೊಡೆಸಿಯೂ ಕೊಳೆರೋಗಕ್ಕೆ ಕೊನೆಗಳನ್ನು ಒಪ್ಪಿಸುತ್ತಾರೆ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟಗಳನ್ನು ದಶಕಗಳಿಂದ ತಿನ್ನುತ್ತಿದ್ದರೂ ಸತ್ತ ಮರದ ಜಾಗಕ್ಕೆ ಮತ್ತೆ ಅಡಿಕೆ ಸಸಿಯನ್ನೇ ತರುತ್ತಾರೆ. ಇದನ್ನು ಯಾರೂ ಸೋಲು ಎನ್ನುವುದಿಲ್ಲ, ಬೇಸಾಯ ಎನ್ನುತ್ತಾರೆ. ಊರಿಗೆ ಊರೇ ಸೋತಾಗ ಪಂಕ್ತಿಯಲ್ಲಿ ಕೇಳಲು ಯಾರೂ ಉಳಿದಿರುವುದಿಲ್ಲವಲ್ಲ! ಮನುಷ್ಯ ಹೆದರುವುದು ಒಬ್ಬನೇ ಸೋಲುವುದಕ್ಕೆ.

ಇಲ್ಲಿ ವೇದಾಂತಿಗಳು ಬಾಯಿ ಹಾಕಿ, ಭಯವೆಲ್ಲ ಹಗ್ಗದಲ್ಲಿ ಕಂಡ ಹಾವು, ದೀಪ ಹಚ್ಚಿದರೆ ಹೋಗುತ್ತದೆ ಎನ್ನುತ್ತಾರೆ. ಬೇರೆ ಊರಿಗೆ ಸರಿ. ಪಕ್ಕದ ಆಗುಂಬೆಯಲ್ಲಿ ಕಾಳಿಂಗ ಸರ್ಪದ ಅಧ್ಯಯನವೇ ನಡೆಯುತ್ತದೆ. ದೀಪ ಹಚ್ಚಿದರೆ ಇನ್ನೂ ಚೆನ್ನಾಗಿ ಕಂಡೀತು. ತಟ್ಟೆಯ ದಾರಿಯಲ್ಲೂ ಅಂಥದೊಂದು ನಿಜವಾದ ಹಾವುಂಟು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯಲ್ಲಿನ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದೆಂದು ಈ ತಟ್ಟೆಗಳಿಗೆ ಬಾಗಿಲು ಹಾಕಿತು. ರಫ್ತು ನಂಬಿದವರ ಪಾಲಿಗೆ ಅದು ಅಪ್ಪಟ ಹಾವು. ಮಾವನವರ ಪೂರ್ವಪಕ್ಷದಲ್ಲಿ ಇದರ ಸೊಲ್ಲೇ ಇರಲಿಲ್ಲ ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ನಿಜವಾದ ಸೋಲು ಇರುವುದು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ. ಹಾಳೆಯನ್ನು ತೊಳೆದು ನೆನೆಸಿ, ನೀರು ಬಸಿದು, ಕಾದ ಅಚ್ಚಿನ ಮೇಲಿಟ್ಟು ಒತ್ತಿದರೆ ಸುಂಯ್ ಎಂದು ಹಬೆ ಏಳುತ್ತದೆ. ನೆನೆದದ್ದು ಸಾಲದಿದ್ದರೆ ನಾರಿನಗುಂಟ ಸೀಳುತ್ತದೆ. ತೇವ ಉಳಿದರೆ ಆಷಾಢದಲ್ಲಿ ಕಟ್ಟಿಗೆ ಕಟ್ಟೇ ಬೂಸ್ಟು. ಬೇಸಿಗೆಯಲ್ಲೇ ಹಾಳೆ ಆರಿಸಿ, ಒಣಗಿಸಿ, ಅಟ್ಟಕ್ಕೇರಿಸಿದವನು ಅರ್ಧ ಭಯವನ್ನು ಅಲ್ಲೇ ಏರಿಸಿಟ್ಟ ಹಾಗೆ. ಉಳಿದರ್ಧಕ್ಕೆ ಒಂದೇ ಅಚ್ಚಿನ ಯಂತ್ರ ಸಾಕು. ನಾಲ್ಕು ಅಚ್ಚಿನದಕ್ಕೆ ಸಾಲ ಮಾಡುವುದು ಶೌರ್ಯವೇ ಇರಬಹುದು, ಶಾಸ್ತ್ರಸಮ್ಮತವಲ್ಲ.

ಸಂಗತಿ: ಮೊಮ್ಮಗನ ಉಪನಯನಕ್ಕೆ ಮಾವನವರು ಐನೂರು ತಟ್ಟೆ ಹೇಳಿ ಕಳಿಸಿದ್ದಾರೆ. "ನಮ್ಮ ಹುಡುಗನೇ ಮಾಡಿದ್ದು, ದುಡ್ಡು ಎಂಥದು?" ಉದ್ರಿಭಯವನ್ನು ಎರಡನೇ ಸಂಪುಟದಲ್ಲಿ ವಿಚಾರಿಸಲಾಗುವುದು.