ಅಡ್ಡಗಾಲು ಹಾಕಿದ ಕೋಳಿ

ಸುಬಾರು ಕಂಪನಿ ಮತ್ತೊಮ್ಮೆ ಪುಟ್ಟ ಪಿಕಪ್ ಮಾಡಬೇಕೇ? ಮಾಡಲಿ ಅನ್ನುವವನು ನಾನು, ಕೊಳ್ಳುವವನಂತೂ ಅಲ್ಲ.

ಅಮೆರಿಕದಲ್ಲಿ ಈ ವ್ಯಾಪಾರಕ್ಕೆ ಅಡ್ಡಗಾಲು ಹಾಕಿದ್ದು ಕೋಳಿ! ತನ್ನ ಕೋಳಿಗೆ ಯುರೋಪಿನವರು ಸುಂಕ ಹಾಕಿದರೆಂದು ಮುನಿದ ಅಮೆರಿಕ, 1964ರಿಂದ ಹೊರಗಿನ ಸಣ್ಣ ಟ್ರಕ್ಕುಗಳ ಮೇಲೆ ಶೇಕಡಾ 25 ಸುಂಕ ಜಡಿಯಿತು. ಜಗಳ ಎಂದೋ ಮುಗಿಯಿತು, ಸುಂಕ ಮಾತ್ರ ಕಾವು ಕೂತೇ ಇದೆ. ಸುಬಾರುವಿನವರೋ, ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ನುಸುಳುವವರು. ತಮ್ಮ 'ಬ್ರಾಟ್' ಪಿಕಪ್ಪಿನಲ್ಲಿ ಸಾಮಾನು ಹೇರುವ ಜಾಗದಲ್ಲೇ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿ, ಇದು ಕಾರು ಸ್ವಾಮಿ ಅಂದುಬಿಟ್ಟರು! ಮುಖ ಹಿಂದಕ್ಕೆ, ಕೈಗೆ ಹಿಡಿ, ತಲೆಯ ಮೇಲೆ ಆಕಾಶ. ರೊನಾಲ್ಡ್ ರೇಗನ್ ಕೂಡ ಒಂದು ಬ್ರಾಟ್ ಇಟ್ಟುಕೊಂಡಿದ್ದರು. ಆಮೇಲೆ ಬಂದ ಸುಬಾರುವಿನ 'ಬಾಹಾ' ಪಿಕಪ್ 2006ಕ್ಕೇ ಗಂಟುಮೂಟೆ ಕಟ್ಟಿತು.

ಹೊಸದು ಮಾಡುವುದಾದರೆ ಆ ಹಿಂದಿನ ಸೀಟು ಇರಲೇಬೇಕು. ಮಾತು ನಿಲ್ಲಿಸದ ಬೀಗರನ್ನು ಮತ್ತೆಲ್ಲಿ ಕೂರಿಸುವುದು?