ಮಣೂಕದ ದರವೂ ಮುಖಪುಟದ ಗುಮ್ಮಟವೂ

ವಿಜಯಪುರ ನಗರ, ಅದರ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿರುವ ತಿಕೋಟಾ ಮತ್ತು ಜಮಖಂಡಿ ರಸ್ತೆಯಲ್ಲಿರುವ ಬಬಲೇಶ್ವರ, ಈ ಮೂರು ಊರುಗಳ ಜಾಲತಾಣ ನಿರ್ಮಾಣ ಕಲೆಯನ್ನು ಅಭ್ಯಸಿಸಹೊರಟವರು ಮೊದಲು ಲಗ್ನಪತ್ರಿಕೆಯ ಇತಿಹಾಸವನ್ನು ಓದಿಕೊಂಡಿರಬೇಕಾಗುತ್ತದೆ. ಏಕೆಂದರೆ ಇಲ್ಲಿ ಗಿರಾಕಿಗಳಿಗೆ ಜಾಲತಾಣ ಮಾಡಿಕೊಡುವವರಲ್ಲಿ ಬಹಳಷ್ಟು ಮಂದಿ ಡಿಟಿಪಿ ಅಂಗಡಿಯಿಂದ ಬಂದವರು. ಅಂದರೆ ಗಣಕದಲ್ಲಿ ಪುಟ ಜೋಡಿಸಿ ಅಚ್ಚಿಗೆ ಕಳಿಸುವ ಕಸುಬಿನಲ್ಲಿ ಕೈ ಪಳಗಿಸಿಕೊಂಡು, ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಫ್ಲೆಕ್ಸುಗಳನ್ನು ದಾಟಿ ಕೊನೆಗೆ ಅಂತರಜಾಲಕ್ಕೆ ಕಾಲಿಟ್ಟವರು. ಈ ಕಸುಬಿನ ಆಯುಧಗಳಲ್ಲಿ ಪೇಜ್‌ಮೇಕರ್ 1985ರಲ್ಲಿಯೂ ಕೋರಲ್‌ಡ್ರಾ 1989ರಲ್ಲಿಯೂ ಹುಟ್ಟಿದವು. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರಲ್ಲಿ ಹೊರಬಂದು ಅದರ ವಂಶ ಅಲ್ಲಿಗೆ ನಿಂತಿತಾದರೂ, ಸೂತಕದ ಸುದ್ದಿ ಮುಟ್ಟದ ಕೆಲವು ಗಣಕಗಳು ಇಂದಿಗೂ ಅದನ್ನೇ ನಂಬಿ ಸಂಸಾರ ಸಾಗಿಸಿವೆ.

ಜಾಲತಾಣ ಕಟ್ಟುವವರಲ್ಲಿ ಎರಡು ಪಂಥಗಳಿವೆ. ಮೊದಲನೆಯದು ವಿನ್ಯಾಸ ತಂತ್ರಾಂಶದ ಪಂಥ. ಇದರ ಅನುಯಾಯಿಗಳು ಫೋಟೋಶಾಪಿನಲ್ಲಿಯೋ ಕೋರಲ್‌ಡ್ರಾದಲ್ಲಿಯೋ ಪುಟವನ್ನು ಕೂದಲೆಳೆಯಷ್ಟೂ ಕದಲದಂತೆ ಚಿತ್ರಿಸಿ, ಅನಂತರ ಅದನ್ನು ಹೇಗಾದರೂ ಮಾಡಿ ಅಂತರಜಾಲಕ್ಕೆ ಏರಿಸುತ್ತಾರೆ. ಎರಡನೆಯದು ವಿಷಯ ನಿರ್ವಹಣಾ ವ್ಯವಸ್ಥೆಯ, ಅಂದರೆ ಸಿಎಂಎಸ್ ಎಂದು ಕರೆಯಲಾಗುವ ತಂತ್ರಾಂಶದ ಪಂಥ. ಇಲ್ಲಿ ಬರಹ, ಚಿತ್ರ, ದರಪಟ್ಟಿಗಳು ಒಂದು ದತ್ತಸಂಚಯದಲ್ಲಿ ಕೂತಿರುತ್ತವೆ, ಅವು ಹೇಗೆ ಕಾಣಬೇಕೆಂಬುದನ್ನು ಥೀಮ್ ಎಂಬ ಬೇರೆಯೇ ಪದರವು ನಿರ್ಧರಿಸುತ್ತದೆ, ಮತ್ತು ಪಾಸ್‌ವರ್ಡ್ ಗೊತ್ತಿರುವ ಯಾರಾದರೂ ಮನೆಯಲ್ಲಿ ಕೂತೇ ವಿಷಯವನ್ನು ತಿದ್ದಬಹುದು. ಡ್ರೂಪಲ್ 2001ರಲ್ಲಿ, ಜೂಮ್ಲಾ 2005ರಲ್ಲಿ ಬಂದವು; ಇವೆರಡರ ನಡುವೆ, 2003ರ ಮೇ 27ರಂದು, ಮ್ಯಾಟ್ ಮುಲನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬಿಬ್ಬರು ಹೊರತಂದ ವರ್ಡ್‌ಪ್ರೆಸ್ ಇಂದು ಜಗತ್ತಿನ ಜಾಲತಾಣಗಳಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಹೊತ್ತಿದೆ. ಇದಕ್ಕೆ ಬೆಲೆಯಿಲ್ಲ ಎಂಬ ಸಂಗತಿಯನ್ನು ಗಿರಾಕಿಗೆ ಯಾವಾಗ ತಿಳಿಸಬೇಕು, ತಿಳಿಸಬೇಕೇ ಎಂಬುದು ಈ ವೃತ್ತಿಯ ಸೂಕ್ಷ್ಮ ನೈತಿಕ ಪ್ರಶ್ನೆಗಳಲ್ಲಿ ಒಂದು.

ಪಂಥಗಳ ಈ ವಾದವು ಗಿರಾಕಿಯ ಕಿವಿಗೆ ಬೀಳುವುದೇ ಇಲ್ಲ. ದ್ರಾಕ್ಷಿ ತೋಟದ ಯಜಮಾನನಿರಲಿ, ಶಾಲೆಯ ಆಡಳಿತ ಮಂಡಳಿಯಿರಲಿ, ಪತ್ತಿನ ಸಹಕಾರಿ ಸಂಘವಿರಲಿ, ಮೊದಲ ವಾಕ್ಯ ಒಂದೇ: "ರೊಕ್ಕದ್ದು ಆಮ್ಯಾಲ ಮಾತಾಡೂಣ್ರಿ, ಮೊದಲ ಛಂದ ಕಾಣ್ಬೇಕ್ರಿ." ಛಂದ ಎಂಬುದರ ವ್ಯಾಖ್ಯೆಯನ್ನು ಕೆದಕಿದರೆ ಅದರೊಳಗಿನಿಂದ ಫ್ಲೆಕ್ಸ್ ಬ್ಯಾನರೇ ಹೊರಬರುತ್ತದೆ. ಹಿನ್ನೆಲೆಯಲ್ಲಿ ಗೋಳಗುಮ್ಮಟ ಇರಬೇಕು, ಮಾರುವ ಸರಕು ಟ್ರ್ಯಾಕ್ಟರಿನ ಬಿಡಿಭಾಗವಾದರೂ ಸರಿ. ಮೇಲ್ಸಾಲಿನಲ್ಲಿ ಮನೆದೇವರು, ಗುರುಗಳು ಮತ್ತು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಎರಡನೆಯ ಸಾಲಿನಲ್ಲಿ ಹಿರಿಯರು. ಮೂರನೆಯದರಲ್ಲಿ ಸಂಸ್ಥೆಯ ಅಧ್ಯಕ್ಷರು ಮೊಬೈಲು ಕಿವಿಗಿಟ್ಟುಕೊಂಡ ಭಂಗಿಯಲ್ಲಿ. ಹತ್ತಡಿ ಅಗಲದ ಫ್ಲೆಕ್ಸಿನಲ್ಲಿ ಈ ಶ್ರೇಣೀಕರಣ ಶೋಭಿಸುತ್ತದೆ, ಮತ್ತು ಅದರ ಹಿಂದಿನ ಭಕ್ತಿಯನ್ನು ಪ್ರಶ್ನಿಸುವಂತೆಯೂ ಇಲ್ಲ. ಆದರೆ ಜಾಲತಾಣವನ್ನು ನೋಡುವವರಲ್ಲಿ ಹೆಚ್ಚಿನವರು ಅದನ್ನು ಅಂಗೈಯಗಲದ ಪರದೆಯಲ್ಲಿ ನೋಡುವುದರಿಂದ, ಸರಕಿನ ದರ್ಶನವಾಗುವ ಹೊತ್ತಿಗೆ ಹೆಬ್ಬೆರಳು ಮೂರು ಲೋಕಗಳನ್ನು ದಾಟಿ ಇಳಿದಿರುತ್ತದೆ. ಈ ಬೇಡಿಕೆಯನ್ನು ಅಕ್ಷರಶಃ ಈಡೇರಿಸಬಲ್ಲದ್ದು ವಿನ್ಯಾಸ ತಂತ್ರಾಂಶ ಮಾತ್ರ, ಆದ್ದರಿಂದ ಮೊದಲ ಸುತ್ತಿನಲ್ಲಿ ಗೆಲುವು ಅದರದೇ.

ಎರಡನೆಯ ಸುತ್ತು ಕನ್ನಡ ಅಕ್ಷರದ್ದು, ಮತ್ತು ಇಲ್ಲಿ ವಿಷಯ ತುಸು ತೊಡಕಾಗುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಪದ್ಧತಿಯಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಪೀಠಗಳ ಮೇಲೆ ಕೂರಿಸಲಾಗಿತ್ತು. ಓದುಗನ ಕಣ್ಣಿಗೆ ಅದು ಕನ್ನಡ, ಗಣಕದ ಮನಸ್ಸಿಗೆ ಮಾತ್ರ ಅದು ಟೋಪಿ, ಕೊಂಬುಗಳನ್ನು ಧರಿಸಿದ ರೋಮನ್. ಯೂನಿಕೋಡ್ ಎಂಬುದು ಇದಕ್ಕೆ ಭಿನ್ನವಾಗಿ ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ಆದ ಸಂಖ್ಯೆಯನ್ನು ಗೊತ್ತುಮಾಡುವ ವ್ಯವಸ್ಥೆ. ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಅಲ್ಲಿ ಜಾಗ ದೊರೆತಿದೆ. ವಿನ್ಯಾಸ ತಂತ್ರಾಂಶಗಳು ಬಹುಕಾಲ ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲಾರದೆ ಅಕ್ಕಪಕ್ಕದಲ್ಲಿ ಚೆಲ್ಲುತ್ತಿದ್ದವು; ಫೋಟೋಶಾಪಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಒಂದು ಆಯ್ಕೆಯನ್ನು ಬದಲಿಸಿದರೆ ಸರಿಹೋಗುತ್ತದೆಂಬ ಗುಟ್ಟು ತಿಳಿಯುವಷ್ಟರಲ್ಲಿ ಡಿಟಿಪಿಯವರ ಬೆರಳುಗಳು ಹಳೆಯ ನುಡಿಗೆ ಒಗ್ಗಿಹೋಗಿದ್ದವು. ಸಿಎಂಎಸ್ಸುಗಳು ಯೂನಿಕೋಡನ್ನಲ್ಲದೆ ಬೇರೆ ಕನ್ನಡವನ್ನು ಅರಿಯವು. ಹೀಗಾಗಿ ಗಿರಾಕಿ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಹಳೆಯ ನುಡಿಯಲ್ಲಿರುವ ಸಂಸ್ಥಾಪಕರ ಜೀವನಚರಿತ್ರೆಯನ್ನು ವರ್ಡ್‌ಪ್ರೆಸ್ಸಿಗೆ ಅಂಟಿಸಿದ ಕ್ಷಣದಲ್ಲಿ ಅದು ಯುರೋಪಿನ ಯಾವುದೋ ಭಾಷೆಯ ಬೈಗುಳಗಳ ಪಟ್ಟಿಯಂತೆ ಕಾಣತೊಡಗುತ್ತದೆ.

ಪರಿಹಾರವಾಗಿ ಪರಿವರ್ತಕ ತಂತ್ರಾಂಶಗಳಿವೆ. ಆದರೆ ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತಿದ್ದುದರಿಂದ, ಅರೆಬರೆ ಪರಿವರ್ತಕದ ಕೈಯಲ್ಲಿ ಕರ್ನಾಟಕವು "ಕನಾರ್ಟಕ"ವಾಗಿ, ಧರ್ಮವು "ಧಮರ್"ವಾಗಿ ಹೊರಬೀಳುತ್ತವೆ. ಈ ಕನಾರ್ಟಕ ಎಂಬ ರಾಜ್ಯವು ಭೂಪಟದಲ್ಲಿ ಇಲ್ಲದಿದ್ದರೂ ಅಂತರಜಾಲದಲ್ಲಿ ಸಾಕಷ್ಟು ವಿಸ್ತಾರವಾಗಿಯೇ ಇದೆ. ಇಷ್ಟೆಲ್ಲ ರಗಳೆ ಬೇಡವೆನ್ನುವ ವಿನ್ಯಾಸಕಾರನು ಇಡೀ ಪುಟವನ್ನೇ ಒಂದು ಚಿತ್ರವಾಗಿಸಿ ಏರಿಸಿಬಿಡುತ್ತಾನೆ. ಆಗ ಕನ್ನಡವು ಕನ್ನಡದ ಭಾವಚಿತ್ರವಾಗುತ್ತದೆ. ಗೂಗಲ್‌ನಲ್ಲಿ ತಿಕೋಟಾದ ಒಣದ್ರಾಕ್ಷಿಯನ್ನು ಹುಡುಕುವವನಿಗೆ ಅದು ಸಿಗುವುದು ಕಷ್ಟ, ಅಂಧರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರಿಯ ಗೋಡೆ, ಅದರಲ್ಲಿನ ದೂರವಾಣಿ ಸಂಖ್ಯೆಯನ್ನು ಎಷ್ಟು ಒತ್ತಿದರೂ ಕರೆ ಹೋಗದು. ಛಂದವಂತೂ ಇರುತ್ತದೆ.

ನಿಜವಾದ ಪರೀಕ್ಷೆ ಎದುರಾಗುವುದು ಉದ್ಘಾಟನೆಯ ಮರುದಿನ. ಲಗ್ನಪತ್ರಿಕೆಯಲ್ಲಿನ ಮುಹೂರ್ತ ಅಚ್ಚಾದ ಮೇಲೆ ಬದಲಾಗುವುದಿಲ್ಲ. ಒಣದ್ರಾಕ್ಷಿ, ಈ ಭಾಗದ ಆಡುಮಾತಿನ ಮಣೂಕ, ಹಾಗಲ್ಲ. ಅದರ ದರವು ಬಣ್ಣ, ಗಾತ್ರ ಮತ್ತು ಹವಾಮಾನವನ್ನು ಅವಲಂಬಿಸಿ ವಿಜಯಪುರದಲ್ಲೊಂದು, ಗಡಿಯಾಚೆಯ ಸಾಂಗಲಿ, ತಾಸಗಾಂವಗಳಲ್ಲೊಂದು ಎಂಬಂತೆ ಏರಿಳಿಯುತ್ತದೆ. ಚಿತ್ರದಲ್ಲಿ ಹೂತ ದರವನ್ನು ತಿದ್ದಲು ಗಿರಾಕಿ ವಿನ್ಯಾಸಕಾರನಿಗೆ ಫೋನು ಹಚ್ಚುತ್ತಾನೆ. ಮೊದಮೊದಲು "ಈಗ ಮಾಡ್ತೀನ್ರಿ ಅಣ್ಣಾರ" ಎಂಬ ಉತ್ತರ ಬರುತ್ತದೆ, ಆಮೇಲೆ "ಲಗ್ನದ ಸೀಜನ್ ಐತ್ರಿ" ಎಂಬುದು, ಅನಂತರ ಬರಿಯ ರಿಂಗು. ಸಿಎಂಎಸ್ ಹುಟ್ಟಿದ್ದೇ ಈ ರೋಗಕ್ಕೆ ಮದ್ದಾಗಿ. ಮದ್ದಿಗೂ ಪಥ್ಯವುಂಟು. ಪಾಸ್‌ವರ್ಡನ್ನು "ಕಂಪ್ಯೂಟರ್ ಕಲ್ತಾನ" ಎಂಬ ಅರ್ಹತೆಯ ಮೇಲೆ ತಂಗಿಯ ಮಗನಿಗೆ ಒಪ್ಪಿಸಲಾಗುತ್ತದೆ, ಅವನಿಗೆ ಪುಣೆಯಲ್ಲಿ ನೌಕರಿಯಾಗುತ್ತದೆ, ಪಾಸ್‌ವರ್ಡೂ ಪುಣೆಗೆ ಹೋಗುತ್ತದೆ. ಇತ್ತ ಪ್ಲಗಿನ್ನುಗಳು, ಅಂದರೆ ಮೂಲ ತಂತ್ರಾಂಶಕ್ಕೆ ಹೆಚ್ಚಿನ ಸೌಕರ್ಯ ಜೋಡಿಸುವ ಪುಟ್ಟ ತಂತ್ರಾಂಶಗಳು, ವರ್ಷಗಟ್ಟಲೆ ನವೀಕರಣವಿಲ್ಲದೆ ಸೊರಗಿ ಕಳ್ಳರಿಗೆ ಬಾಗಿಲು ತೆರೆಯುತ್ತವೆ; ಒಂದು ಬೆಳಿಗ್ಗೆ ಮಣೂಕದ ವ್ಯಾಪಾರಿಯ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಜಪಾನಿ ಲಿಪಿಯಲ್ಲಿ ನಕಲಿ ಸರಕಿನ ಜಾಹೀರಾತು ಬರುತ್ತದೆ. ಇದು ಜಗತ್ತಿನೆಲ್ಲೆಡೆ ಕಂಡುಬಂದಿರುವ, ಗೂಗಲ್ ತಾನೇ ಉಪಚಾರವನ್ನು ಬರೆದಿಟ್ಟಿರುವ ಕಾಯಿಲೆ. ವ್ಯಾಪಾರಿ ಮಾತ್ರ ತನ್ನ ಸರಕು ರಫ್ತಾಗುತ್ತಿದೆಯೆಂದು ಒಂದು ಗಳಿಗೆ ಹಿಗ್ಗಿದರೆ ತಪ್ಪೆನ್ನಲಾಗದು.

ವರ್ಷದ ಬಾಡಿಗೆಯ ಮಾತು ಇನ್ನೂ ಬಾಕಿಯಿದೆ. ಡೊಮೈನ್ ಎಂದರೆ ತಾಣದ ಹೆಸರು, ಹೋಸ್ಟಿಂಗ್ ಎಂದರೆ ಅದು ವಾಸಿಸುವ ಜಾಗ. ಎರಡಕ್ಕೂ ಕಾಲಕಾಲಕ್ಕೆ ಹಣ ಕಟ್ಟಬೇಕು. "ಒಮ್ಮೆ ಕೊಟ್ಟ ಮ್ಯಾಲ ಮತ್ಯಾಕ್ರಿ?" ಎಂಬ ಗಿರಾಕಿಯ ಪ್ರಶ್ನೆಗೆ ಎರಡೂ ಪಂಥಗಳಲ್ಲಿ ಉತ್ತರವಿಲ್ಲ. ಹಣ ನಿಂತಾಗ ತಾಣವೂ ನಿಲ್ಲುತ್ತದೆ, ಅಥವಾ ಅರ್ಧಕ್ಕೆ ಉಳಿಯುತ್ತದೆ. 1672ರಲ್ಲಿ ತೀರಿಕೊಂಡ ಎರಡನೇ ಅಲಿ ಆದಿಲ್‌ಶಾಹನ ಸಮಾಧಿಯಾದ ಬಾರಾ ಕಮಾನು ಇನ್ನೂ ಛಾವಣಿ ಕಾಣದ ನಗರದಲ್ಲಿ, "ಕಾಮಗಾರಿ ಪ್ರಗತಿಯಲ್ಲಿದೆ" ಎಂಬ ಮುಖಪುಟ ಯಾರನ್ನೂ ವಿಚಲಿತಗೊಳಿಸುವುದಿಲ್ಲ.

ಎರಡು ಪಂಥಗಳನ್ನು ಒಂದುಗೂಡಿಸುವ ಯತ್ನಗಳೂ ನಡೆದಿವೆ. ಒಂದು ಸಾಲು ಕೋಡನ್ನೂ ಬರೆಯದೆ ವಿನ್ಯಾಸವನ್ನೇ ತಾಣವಾಗಿಸುವ ಆಡೋಬ್ ಮ್ಯೂಸ್ 2012ರಲ್ಲಿ ಬಂದು, 2020ರಲ್ಲಿ ಬೆಂಬಲ ಕಳೆದುಕೊಂಡು, ನಂಬಿದವರನ್ನು ನಡುನೀರಿನಲ್ಲಿ ಬಿಟ್ಟಿತು. 2016ರ ಎಲಿಮೆಂಟರ್ ವರ್ಡ್‌ಪ್ರೆಸ್ಸಿನ ಒಳಗೇ ಎಳೆದು ಕೂರಿಸುವ ಸೌಕರ್ಯ ಕೊಟ್ಟು, ಡಿಟಿಪಿಯವರ ಕೈಗೆ ತಕ್ಕಮಟ್ಟಿಗೆ ಒಗ್ಗಿದೆ. ವಿವೇಕದ ತೀರ್ಪು ಕೇಳಿದರೆ, ಲಾಂಛನವನ್ನು ಕೋರಲ್‌ಡ್ರಾದಲ್ಲಿ ಬರೆದು, ಉಳಿದುದನ್ನೆಲ್ಲ ಯೂನಿಕೋಡ್ ಕನ್ನಡದಲ್ಲಿ ಸರಳ ಥೀಮಿನ ವರ್ಡ್‌ಪ್ರೆಸ್ಸಿಗೆ ಒಪ್ಪಿಸಿ, ಪಾಸ್‌ವರ್ಡನ್ನು ಖಾತೆ ಪುಸ್ತಕ ಬರೆಯುವ ಗುಮಾಸ್ತನಿಗೆ ಕಲಿಸುವುದೇ ಲೇಸು. ಗುಮ್ಮಟವನ್ನು ಬೇಕಿದ್ದರೆ ಪುಟದ ಬುಡದಲ್ಲಿ ಇಡಬಹುದು.

ತೀರ್ಪನ್ನು ಪಾಲಿಸಿದ ತಾಣಗಳಲ್ಲಿಯೂ ಖರೀದಿದಾರರು ನಿಜವಾಗಿ ಒತ್ತುವುದು ಬಲಮೂಲೆಯ ಹಸಿರು ವಾಟ್ಸ್‌ಆ್ಯಪ್ ಗುಂಡಿಯನ್ನು. "ಇವತ್ತಿನ ರೇಟ್ ಕಳಸ್ರಿ" ಎಂಬ ಸಂದೇಶಕ್ಕೆ ವ್ಯಾಪಾರಿಯು ಕಾಗದದ ಮೇಲೆ ಪೆನ್ನಿನಲ್ಲಿ ಬರೆದ ದರಪಟ್ಟಿಯ ಫೋಟೋ ತೆಗೆದು ಕಳಿಸುತ್ತಾನೆ, ಮತ್ತು ಅದರ ಅರ್ಕಾವೊತ್ತುಗಳೆಲ್ಲ ಸರಿಯಾಗಿರುತ್ತವೆ.