ಫಿಸಿಕ್ಸೋ, ಕೆಮಿಸ್ಟ್ರಿಯೋ, ಡೊಂಬಿವಲಿ ಫಾಸ್ಟೋ?

ಮುಂಬಯಿ ಕನ್ನಡಿಗರಲ್ಲಿ ಹನ್ನೆರಡನೆಯ ಕ್ಲಾಸಿನ ರಿಸಲ್ಟ್ ಮಕ್ಕಳಿಗೆ ಬರುವುದಿಲ್ಲ, ಮನೆತನಕ್ಕೆ ಬರುತ್ತದೆ. ಇಂಜಿನಿಯರಿಂಗ್ ಸಿಕ್ಕಿದರೆ ಪೇಢೆ ಹಂಚಿ ಮುಗಿಯಿತು, ಮೆಡಿಕಲ್ ಸಿಕ್ಕಿದರೆ ಸಾಲ ಮಾಡಿ ಮುಗಿಯಿತು. ಆದರೆ ಮಗು ಬಾಯಿಬಿಟ್ಟು "ನನಗೆ ಬಿ.ಎಸ್‌ಸಿ. ಸಾಕು" ಅಂದಿತೋ, ಅಂಬರನಾಥದಿಂದ ವಿರಾರ್‌ವರೆಗಿನ ನೆಂಟರೆಲ್ಲ ಕೂತು ತೀರ್ಮಾನಿಸಬೇಕಾದ ಸಂಗತಿ ಅದು.

ನಮ್ಮ ಮಗಳು ಹಾಗೆ ಅಂದಳು. ಅಂದು ಸುಮ್ಮನಿರದೆ, "ಆದರೆ ಫಿಸಿಕ್ಸೋ ಕೆಮಿಸ್ಟ್ರಿಯೋ ಅಂತ ಇನ್ನೂ ಗೊತ್ತಿಲ್ಲ" ಎಂದೂ ಸೇರಿಸಿದಳು.

ನನ್ನ ಕಾಲದಲ್ಲಿ ಮುಂಬಯಿ ವಿಶ್ವವಿದ್ಯಾಲಯ ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿತ್ತು. ಎಫ್.ವೈ. ಅಂದರೆ ಮೊದಲ ವರ್ಷದಲ್ಲಿ ಮೂರು ವಿಷಯ, ಎಸ್.ವೈ.ಯಲ್ಲಿ ಎರಡು, ಟಿ.ವೈ.ಯಲ್ಲಿ ಒಂದು. ವರ್ಷಕ್ಕೊಂದು ವಿಷಯ ಬಿಡುತ್ತ ಹೋದರೆ ಕೊನೆಗೆ ಉಳಿದದ್ದರಲ್ಲಿ ಪದವಿ. ನಾನು ಗಣಿತವನ್ನು ಬಿಟ್ಟೆ, ಮರುವರ್ಷ ಫಿಸಿಕ್ಸ್ ನನ್ನನ್ನು ಬಿಟ್ಟಿತು. ಹೀಗೆ ಯಾರನ್ನೂ ಕೇಳದೆ ಕೆಮಿಸ್ಟ್ರಿ ಪದವೀಧರನಾದೆ. ಈಗ ಹೊಸ ಶಿಕ್ಷಣ ನೀತಿ ಬಂದಿದೆ. ಮಗಳ ಅರ್ಜಿ ಮೊದಲ ಪುಟದಲ್ಲೇ ಮೇಜರ್ ಯಾವುದು ಎಂದು ಕೇಳಿತು.

ಆದಿತ್ಯವಾರ ನಮ್ಮ ಡೊಂಬಿವಲಿಯ ಮನೆಯಲ್ಲಿ ಸಭೆ ಸೇರಿತು. ಫಿಸಿಕ್ಸ್ ಕಡೆಯಿಂದ ನನ್ನ ಹೆಂಡತಿಯ ಅಣ್ಣ. ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ ಬಿ.ಎ.ಆರ್.ಸಿ.ಯಲ್ಲಿದ್ದು ನಿವೃತ್ತರಾದವರು. ಅಲ್ಲಿ ಏನು ಕೆಲಸ ಮಾಡುತ್ತಿದ್ದರು ಎಂದು ನಮಗಿರಲಿ, ಅವರ ಹೆಂಡತಿಗೂ ಗೊತ್ತಿಲ್ಲ. "ಬೆಳಿಗ್ಗೆ ಬಸ್ಸಿಗೆ ಹೋಗ್ತಿದ್ರು, ಸಂಜೆ ಬಸ್ಸಿಗೆ ಬರ್ತಿದ್ರು" ಎನ್ನುವಲ್ಲಿಗೆ ಅವರ ಮಾಹಿತಿ ಮುಗಿಯುತ್ತದೆ. ಕೆಮಿಸ್ಟ್ರಿ ಕಡೆಯಿಂದ ನನ್ನ ತಮ್ಮ. ಇಲ್ಲಿಯೇ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದ ಬಣ್ಣದ ಫ್ಯಾಕ್ಟರಿಯಲ್ಲಿದ್ದಾನೆ. ಅವನು ಇವತ್ತು ಏನು ತಯಾರಿಸಿದ ಎಂಬುದನ್ನು ಅಂಗಿ ನೋಡಿದವರು ಯಾರಾದರೂ ಹೇಳಬಹುದು. ಅಧ್ಯಕ್ಷತೆಗೆ ಮಾಟುಂಗಾದ ನಮ್ಮ ದೊಡ್ಡಪ್ಪ. ಹೋಟೆಲು ಮಕ್ಕಳಿಗೆ ಬಿಟ್ಟುಕೊಟ್ಟಿದ್ದಾರೆ, ಗಲ್ಲಾ ಮೇಲಿನ ಕಣ್ಣು ಬಿಟ್ಟಿಲ್ಲ.

ಭಾವ ಮೊದಲ ಅಸ್ತ್ರ ಬಿಟ್ಟರು. "ರಾಜಾ ರಾಮಣ್ಣ ಗೊತ್ತಲ್ಲ? ತಿಪಟೂರಿನವರು. ನಮ್ಮ ಬಿ.ಎ.ಆರ್.ಸಿ.ಗೇ ಡೈರೆಕ್ಟರು. 1974ರಲ್ಲಿ ಪೋಖ್ರಾನ್ ಮಾಡಿಸಿದವರು. ಮೇಲಿಂದ ಪಿಯಾನೋ ಬೇರೆ ನುಡಿಸ್ತಿದ್ರು."

"ನಮ್ಮ ಸಿ.ಎನ್.ಆರ್. ರಾವ್ ಕೆಮಿಸ್ಟ್ರಿ," ಎಂದ ತಮ್ಮ. "2014ರಲ್ಲಿ ಭಾರತರತ್ನ ತಗೊಂಡದ್ದು ಸಚಿನ್ ತೆಂಡೂಲ್ಕರ್ ಜೊತೆಗೆ. ಪಿಯಾನೋ ದೊಡ್ಡದೋ ಸಚಿನ್ ದೊಡ್ಡವನೋ?"

ಮುಂಬಯಿಯಲ್ಲಿ ಆ ಪ್ರಶ್ನೆಗೆ ಎರಡನೇ ಉತ್ತರವಿಲ್ಲ. ಆದರೆ ದೊಡ್ಡಪ್ಪ ಕನ್ನಡಕ ಒರೆಸುತ್ತ, "ಇಬ್ಬರೂ ಘಟ್ಟದ ಮೇಲಿನವರು. ನಮ್ಮ ಕಡೆಯವರು ಯಾರೂ ಇಲ್ಲವಾ?" ಎಂದು ಕೇಳಿದರು.

ಭಾವ ಕುರ್ಚಿಯಿಂದ ಅರ್ಧ ಎದ್ದರು. "ಇದ್ದಾರೆ ದೊಡ್ಡಪ್ಪ! ಯು.ಆರ್. ರಾವ್! ಯು ಅಂದರೆ ಉಡುಪಿಯೇ. ಅದಮಾರಿನಲ್ಲಿ ಹುಟ್ಟಿದವರು. 1975ರ ಆರ್ಯಭಟ ಉಪಗ್ರಹ ಅವರದೇ ಮುಂದಾಳ್ತನ, ಆಮೇಲೆ ಇಸ್ರೋ ಅಧ್ಯಕ್ಷರು. ಓದಿದ್ದು ಫಿಸಿಕ್ಸು!"

ಅದಮಾರು ಎಂದ ಮೇಲೆ ದೊಡ್ಡಪ್ಪನಿಗೆ ಬೇರೆ ಸಾಕ್ಷಿ ಬೇಡ. ಫಿಸಿಕ್ಸಿಗೆ ಒಂದು ಓಟು ಬಿತ್ತು.

ತಮ್ಮ ಸೋಲುವವನಲ್ಲ. "ಅವರ ಫಿಸಿಕ್ಸು ಗೇಟಿನೊಳಗೆ, ಪಾಸು ಇಲ್ಲದೆ ನೋಡ್ಲಿಕ್ಕಾಗುವುದಿಲ್ಲ. ಕೆಮಿಸ್ಟ್ರಿ ಹಾಗಲ್ಲ, ಬಾಗಿಲಿಗೇ ಬರ್ತದೆ. 2014ರಲ್ಲಿ ನಮ್ಮ ಡೊಂಬಿವಲಿಯಲ್ಲಿ ಹಸಿರು ಮಳೆ ಬಿತ್ತು, ನೆನಪುಂಟಾ? 2020ರಲ್ಲಿ ಎಂ.ಐ.ಡಿ.ಸಿ. ರಸ್ತೆ ಗುಲಾಬಿ ಆಯ್ತು, ಮುಖ್ಯಮಂತ್ರಿಯೇ ನೋಡ್ಲಿಕ್ಕೆ ಬಂದ್ರು. ಯಾವ ಫಿಸಿಕ್ಸಿಗೆ ಬಂದಿದ್ರು?"

"ಅದಕ್ಕೇ ಬೇಡ ಅನ್ನೋದು," ಎಂದಳು ನನ್ನ ಹೆಂಡತಿ ಒಳಗಿನಿಂದ. ಆ ಮಳೆಯ ದಿನ ಅವಳ ಬಟ್ಟೆ ಹೊರಗಿತ್ತು.

ಅವಳನ್ನು ಒಲಿಸಲು ಭಾವ ತಮ್ಮ ಬಿ.ಎ.ಆರ್.ಸಿ. ಕಟ್ಟಿದ ಭಾಭಾ ಕಥೆ ತೆಗೆದರು. ಹೋಮಿ ಭಾಭಾರ ತಂದೆಗೂ ಮಗ ಇಂಜಿನಿಯರ್ ಆಗಿ ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಬೇಕೆಂದೇ ಇತ್ತು. ಮಗ 1928ರಲ್ಲಿ ಕೇಂಬ್ರಿಜ್‌ನಿಂದ ಕಾಗದ ಬರೆದು, ತನಗೆ ಫಿಸಿಕ್ಸೇ ಬೇಕೆಂದು ಹಟ ಹಿಡಿದರು. ಮೊದಲು ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಫಸ್ಟ್ ಕ್ಲಾಸ್ ತಾ, ಆಮೇಲೆ ನಿನ್ನಿಷ್ಟ ಎಂದು ತಂದೆ ಒಪ್ಪಂದಕ್ಕೆ ಬಂದರು. 1930ರಲ್ಲಿ ಫಸ್ಟ್ ಕ್ಲಾಸ್ ಬಂತು, ಮುಂದಿನದು ದೇಶದ ಇತಿಹಾಸ.

ಭಾವನ ಗಂಟಲು ಕಟ್ಟಿತ್ತು. ನನ್ನ ಹೆಂಡತಿ ಕಥೆಯಲ್ಲಿ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡಿದ್ದಳು. "ಸರಿಯಾಗಿ ಹೇಳಿದಿ ಅಣ್ಣ. ಇವಳೂ ಮೊದಲು ಇಂಜಿನಿಯರಿಂಗ್ ಮಾಡ್ಲಿ."

ನಿಜ ಹೇಳಬೇಕೆಂದರೆ ಮುಂಬಯಿಯಲ್ಲಿ ವಿಜ್ಞಾನದ ಶಾಖೆ ಆರಿಸುವವರು ಮೊದಲು ಓದಬೇಕಾದ ಗ್ರಂಥ ಲೋಕಲ್ ಟ್ರೇನಿನ ಟೈಮ್‌ಟೇಬಲ್. ಹೆಂಡತಿ ಅದನ್ನೇ ಎತ್ತಿದಳು. ಫಿಸಿಕ್ಸ್ ಕಲಿತರೆ ಮುಂದೆ ಎಲ್ಲಿ? ಟಾಟಾ ಇನ್‌ಸ್ಟಿಟ್ಯೂಟು ಎಂದರು ಭಾವ. ಅದು ಕೊಲಾಬಾದ ತುದಿ, ಅದರಾಚೆ ಅರಬ್ಬಿ ಸಮುದ್ರ. ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ಗೆ ನಿಂತುಕೊಂಡು, ಅಲ್ಲಿಂದ ಬಸ್ಸಿಗೆ ಕ್ಯೂ. ಟ್ರಾಂಬೆಯಾದರೆ ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನ್ ಹಿಡಿಯಬೇಕು. ಕುರ್ಲಾದಲ್ಲಿ ಇಳಿಯುವುದೆಂದರೆ ಅದೇ ಒಂದು ಪ್ರಾಕ್ಟಿಕಲ್ ಪರೀಕ್ಷೆ. "ನಮ್ಮ ಫ್ಯಾಕ್ಟರಿಗೆ ಇಲ್ಲಿಂದ ರಿಕ್ಷಾದಲ್ಲಿ ಹತ್ತು ನಿಮಿಷ" ಎಂದ ತಮ್ಮ, ಮೆಲ್ಲಗೆ. ಹಸಿರು ಮಳೆಯನ್ನು ಮರೆತು ಹೆಂಡತಿ ಕೆಮಿಸ್ಟ್ರಿ ಪಕ್ಷ ಸೇರಿದಳು.

ಮಗಳು ಆಗ ಬಾಯಿಬಿಟ್ಟಳು. "ರುದರ್‌ಫೋರ್ಡ್ ಫಿಸಿಕ್ಸಿನವರು, 1908ರಲ್ಲಿ ಕೊಟ್ಟದ್ದು ಕೆಮಿಸ್ಟ್ರಿ ನೊಬೆಲ್. ವೆಂಕಿ ರಾಮಕೃಷ್ಣನ್ ಬರೋಡಾದಲ್ಲಿ ಫಿಸಿಕ್ಸ್ ಓದಿದ್ದು, 2009ರಲ್ಲಿ ಬಂದದ್ದು ಅದೂ ಕೆಮಿಸ್ಟ್ರಿ ನೊಬೆಲ್."

"ಅಂದರೆ ಫಿಸಿಕ್ಸ್ ಓದಿದರೆ ಕೆಮಿಸ್ಟ್ರಿ ಫ್ರೀ," ಎಂದರು ಭಾವ. ತಮ್ಮ ಮುಖ ತಿರುಗಿಸಿಕೊಂಡ.

ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೆಮಿಸ್ಟ್ರಿ ಓದಿ ಬ್ಯಾಂಕಿನಲ್ಲಿ ನೋಟು ಎಣಿಸಿದವನು ನಾನು. ನಮ್ಮ ಕರಾವಳಿ ಜಿಲ್ಲೆಯ ಹಿರಿಯರು ದೂರದೃಷ್ಟಿಯವರು. 1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಂದು ನಾಲ್ಕು ಬ್ಯಾಂಕು ಕಟ್ಟಿಟ್ಟು, ಮುಂದೆ ಹುಟ್ಟಲಿದ್ದ ನನ್ನಂಥ ವಿಜ್ಞಾನ ಪದವೀಧರರಿಗೆಲ್ಲ ನೆರಳು ಮಾಡಿಟ್ಟರು. 2019ರಲ್ಲಿ ವಿಜಯಾ ಬರೋಡಾದಲ್ಲಿ ಕರಗಿತು, 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್‌ನಲ್ಲಿ. ಡಿಗ್ರಿಯಾದ ಮೇಲೆ ನಾನು ಕಣ್ಣಾರೆ ಕಂಡ ರಾಸಾಯನಿಕ ಕ್ರಿಯೆ ಅದೊಂದೇ.

ಗಲಾಟೆ ಜೋರಾದಾಗ ದೊಡ್ಡಪ್ಪ ಕೈಯೆತ್ತಿದರು. "ನಮ್ಮ ಕಾಲದಲ್ಲಿ ಮೇಜರ್ ಎರಡೇ. ಕಪ್ಪು-ಬಶಿ ತೊಳೆಯುವುದು, ಟೇಬಲ್ ಒರೆಸುವುದು. ನನಗೆ ಸಿಕ್ಕಿದ್ದು ಮೊದಲನೆಯದು." ಹಗಲು ಹೋಟೆಲು, ರಾತ್ರಿ ಫೋರ್ಟಿನ ಕನ್ನಡ ನೈಟ್ ಸ್ಕೂಲು. ಮುಂದೆ ಓದುವ ಹುಮ್ಮಸ್ಸಿದ್ದವರಿಗೆ ಅಂಬೇಡ್ಕರರ ಸಂಸ್ಥೆ 1946ರಲ್ಲಿ ತೆರೆದ ಸಿದ್ಧಾರ್ಥ ಕಾಲೇಜಿನ ಬೆಳಗಿನ ಕ್ಲಾಸು. "ಬಿ.ಎ., ಬಿ.ಕಾಂ., ವಕೀಲಿ, ಎಲ್ಲ ಬೆಳಿಗ್ಗೆ ಮುಗಿಸಬಹುದು ಮಾರಾಯ. ಸೈನ್ಸಿಗೆ ಪ್ರಾಕ್ಟಿಕಲ್ ಉಂಟಲ್ಲ? ಮಧ್ಯಾಹ್ನ ಊಟದ ರಶ್ಶಿನಲ್ಲಿ ಯಾವ ಧಣಿ ಬಿಡ್ತಾನೆ? ಹಾಗಾಗಿ ನಮ್ಮಲ್ಲಿ ವಕೀಲರು ಬೇಗ ಆದ್ರು. ವಿಜ್ಞಾನಿ ಆಗ್ಲಿಕ್ಕೆ ಮಧ್ಯಾಹ್ನ ಖಾಲಿ ಇರುವ ತಲೆಮಾರು ಬೇಕಿತ್ತು." ಮಗಳ ಕಡೆ ತಿರುಗಿ, "ನಿನಗೆ ಮಧ್ಯಾಹ್ನ ಉಂಟು ಮಗಾ. ಎಂತ ಬೇಕು, ನೀನೇ ಹೇಳು" ಎಂದರು.

"ಫಿಸಿಕ್ಸ್ ಮೇಜರ್, ಕೆಮಿಸ್ಟ್ರಿ ಮೈನರ್, ಅಜ್ಜ."

ರಾಮಣ್ಣನವರಿಂದಲೋ ಯು.ಆರ್. ರಾಯರಿಂದಲೋ ಎಂದು ಭಾವ ಕೇಳಿದರು.

"ಅಲ್ಲ ಮಾಮ. ಕೆಮಿಸ್ಟ್ರಿ ಲ್ಯಾಬಿನಲ್ಲಿ ದಿನಾ ಬ್ಯೂರೆಟ್ಟು, ಪಿಪೆಟ್ಟು, ಟೆಸ್ಟ್ ಟ್ಯೂಬು ಎಲ್ಲ ನಾವೇ ತೊಳೆದಿಡಬೇಕು. ನನಗೆ ಅದೇ ಬೋರು."

ದೊಡ್ಡಪ್ಪ ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನು ಪಾತ್ರೆ ತೊಳೆದು ಹೋಟೆಲ್ ಕಟ್ಟಿದೆ, ಇವಳು ಪಾತ್ರೆ ತೊಳೆಯಲಾರದೆ ವಿಜ್ಞಾನಿ ಆಗ್ತಾಳೆ. ಆಗ್ಲಿ, ಮೊದಲ ವರ್ಷದ ಫೀಸು ನನ್ನದು. ಆದರೆ ಇವತ್ತು ಕುಡಿದ ಕಾಫಿ ಲೋಟ ಎಲ್ಲ ಅವಳೇ ತೊಳೆಯಲಿ."